ಅತ್ತೆ ಕುಡಿದ ನೀರು

ಅತ್ತೆಯ ಕೈಗೆ ಗಂಟಲು ಕೊಟ್ಟು ಬೆಟ್ಟ ಹತ್ತಲು ಹೊರಟಾಗ ನಮ್ಮೂರಿನ ಅರ್ಧ ಜನ ನನಗೆ ತಲೆ ಕೆಟ್ಟಿದೆ ಅಂದರು. ಉಳಿದರ್ಧ ಜನ ಏನೂ ಅನ್ನಲಿಲ್ಲ. ಅವರು ಆಗಲೇ ನನ್ನ ತಿಥಿಗೆ ಯಾವ ಪಾಯಸ ಮಾಡುತ್ತಾರೋ ಎಂದು ಲೆಕ್ಕ ಹಾಕುತ್ತಿದ್ದರು. ಹತ್ತುವುದು ಬೇರೆ ಏನಕ್ಕೆ? ಅದೇ ಅತ್ತೆಯ ಮಗ ಸತ್ತ ಅಂತ ಕಲ್ಲಿಟ್ಟು, ಇಳಿದು ಬಂದು, ಪಂಪುಮನೆಯ ಚಿನ್ನಯ್ಯನನ್ನು ಮದುವೆಯಾಗುವುದಕ್ಕೆ. ಇಂಥ ಕೆಲಸಕ್ಕೆ ಹೊರಟವಳ ಪ್ರಾಣವನ್ನು ಯಾರಾದರೂ ಅತ್ತೆಯ ಕೈಗೆ ಕೊಡುತ್ತಾರೆಯೇ, ನೀವೇ ಹೇಳಿ.

ನಮ್ಮ ಬೆಟ್ಟದ ಮೇಲೆ ನೀರು ಕುಡಿದರೆ ಬಾಯಾರಿಕೆ ಹೋಗುವುದಿಲ್ಲ. ಬಾಟಲಿಯಲ್ಲಿ ಹೊತ್ತುಕೊಂಡು ಹೋದರೂ ಅಷ್ಟೇ, ಬಾಯಿಗೆ ಒಣಹಿಟ್ಟು ಹಾಕಿಕೊಂಡಂತೆ. ಹತ್ತಿದವರಿಗಾಗಿ ಕೆಳಗೆ ಒಬ್ಬರು ಕೂತು ನೀರು ಕುಡಿಯಬೇಕು, ಅದಕ್ಕೆಂದೇ ಗೇಟಿನ ಪಕ್ಕ ಅರವಟ್ಟಿಗೆಯಿದೆ. ಇಲ್ಲಿ ಇವರು ಗುಟುಕರಿಸಿದರೆ ಅಲ್ಲಿ ಅವರ ಗಂಟಲು ತಣ್ಣಗಾಗುತ್ತದೆ. ಕುಡಿಯುವಾಗ ಹತ್ತಿದವರನ್ನು ನೆನೆಯಬೇಕು. ಬೈದುಕೊಂಡು ನೆನೆದರೂ ನಡೆಯುತ್ತದೆ, ಮರೆತರೆ ಮಾತ್ರ ನಡೆಯುವುದಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಜಗಳವಾಡದ ಗಂಡ ಹೆಂಡಿರಿಗಿಂತ ಜಗಳವಾಡುವವರೇ ಸುರಕ್ಷಿತವಾಗಿ ಬೆಟ್ಟ ಹತ್ತಿಳಿದಿದ್ದಾರೆ. ಪರವೂರಿನಿಂದ ಬೂಟು, ಕೋಲು, ಕ್ಯಾಮೆರಾ ಹಿಡಿದು ಬರುವವರಿಗೆ ಬಾಡಿಗೆಗೆ ಕುಡಿಯುವವರು ಸಿಗುತ್ತಾರೆ. ಅವರು ಮೊದಲು ಮುಖವನ್ನು ಚೆನ್ನಾಗಿ ನೋಡಿಕೊಂಡು, ಹೆಸರು ಕೇಳಿ, ಆಮೇಲೆ ಚೊಂಬು ಎತ್ತುತ್ತಾರೆ. ಸರ್ಕಾರದವರು ಈ ಬೆಟ್ಟಕ್ಕೂ ಸುತ್ತಲಿನ ಮರಳುಗಾಡಿಗೂ ಬೇಲಿ ಹಾಕಿ ರಾಷ್ಟ್ರೀಯ ಉದ್ಯಾನ ಎಂದು ಬೋರ್ಡು ನೆಟ್ಟಿದ್ದಾರೆ. ಉದ್ಯಾನವಂತೆ! ಬೋರ್ಡಿನ ಮೇಲೆ ಬರೆದಿರುವ ಹೂವೊಂದನ್ನು ಬಿಟ್ಟರೆ ಅಲ್ಲಿ ಇನ್ನೊಂದು ಹೂವಿಲ್ಲ.

ನನ್ನ ಗಂಡ ಪಾಲಯ್ಯ ಈ ಬೆಟ್ಟ ಹತ್ತಿದವನು ಇಳಿಯದೆ ಆರು ವರ್ಷ ಕಳೆದು ಏಳನೆಯದು ನಡೆಯುತ್ತಿತ್ತು. ಆವತ್ತು ಅವನಿಗಾಗಿ ಕುಡಿದವಳು ಅವನ ತಾಯಿ, ನನ್ನ ಅತ್ತೆ ಸೂರಮ್ಮ. ಊರೆಲ್ಲ ಹುಡುಕಿತು, ಹೆಣ ಸಿಗಲಿಲ್ಲ. ಸೂರಮ್ಮ ಮಾತ್ರ ಚೊಂಬು ಕೆಳಗಿಡಲಿಲ್ಲ. ಮಾರನೆಯ ದಿನ ಕುಡಿದಳು, ಅದರ ಮಾರನೆಯ ದಿನವೂ ಕುಡಿದಳು. ಬೆಳಗಾದರೆ ಒಂದು ಕೊಡ ತುಂಬಿಸಿಕೊಂಡು ಹೊಸಿಲ ಮೇಲೆ ಕೂತು ಮಗನನ್ನು ನೆನೆದು ಗುಟುಕು ಗುಟುಕಾಗಿ ಇಳಿಸುವುದೇ ಅವಳ ಕಸುಬಾಯಿತು. ಅವಳ ಗಂಟಲು ಊದಿ, ಮಾತು ಗೊಗ್ಗರಾಗಿ, ಮುದ್ದೆ ನುಂಗುವುದಕ್ಕೂ ಕಷ್ಟವಾಯಿತು. ನಾನು ಎಷ್ಟು ಸಲ ಜಗಳವಾಡಿದೆ! "ಸತ್ತವನಿಗೆ ಎಂಥ ಬಾಯಾರಿಕೆ ಅತ್ತೆ? ಆ ನೀರನ್ನ ನುಗ್ಗೇಗಿಡಕ್ಕೆ ಹಾಕಿದ್ರೆ ಕಾಯಾದ್ರೂ ಬಿಡ್ತಿತ್ತು" ಅಂದರೆ, "ನನ್ನ ಗಂಟಲು, ನನ್ನ ನೀರು. ನಿಂಗ್ಯಾಕೆ ಉರಿ?" ಅನ್ನುತ್ತಿದ್ದಳು.

ಬೆಟ್ಟದಲ್ಲಿ ಉಳಿದವರಿಗೆ ಅಮಾವಾಸ್ಯೆಗೊಮ್ಮೆ ಹಾಸುಬಂಡೆಯ ಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಎಡೆ ಇಟ್ಟವರು ಹಿಂದೆ ತಿರುಗಿ ನೋಡದೆ ಬರಬೇಕು. ನಾನು ಮನೆಯಲ್ಲಿ ಬೇಯಿಸಿ, ಹತ್ತುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಏಳನೆಯ ವರ್ಷ ಹೆಂಡತಿಯೇ ಹೋಗಿ ಕಡೆಯ ಎಡೆ ಇಟ್ಟು, ಬಂಡೆಯ ಮೇಲೆ ಒಂದು ಕಲ್ಲಿಟ್ಟು, ಗಂಡನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರೆ ಋಣ ಹರಿಯಿತು. ಆಮೇಲೆ ಅವಳು ಬೇರೆ ಮದುವೆಯಾಗಬಹುದು. ಚಿನ್ನಯ್ಯ ನನ್ನನ್ನು ಕೇಳಿ ಎರಡು ಬೇಸಿಗೆ ಕಳೆದಿತ್ತು. ಅವನಿಗೆ ಮಾತು ಕಡಿಮೆ. ನನಗೆ ಜಾಸ್ತಿ, ಆದ್ದರಿಂದ ಸರಿಹೋಗುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ.

ನನಗಾಗಿ ನೀರು ಕುಡಿಯಲು ಚಿನ್ನಯ್ಯ ಬೆಳಗ್ಗೆಯೇ ಅರವಟ್ಟಿಗೆಗೆ ಬಂದು ಕೂತಿದ್ದ. ಸೂರಮ್ಮ ಕೋಲೂರಿಕೊಂಡು ಬಂದವಳೇ ಅವನ ಕೈಯಿಂದ ಚೊಂಬು ಕಿತ್ತುಕೊಂಡಳು.

"ಏಳಪ್ಪಾ ಮೇಲಕ್ಕೆ. ಇನ್ನೂ ತಾಳಿ ಕಟ್ಟಿಲ್ಲ ನೀನು. ಇವತ್ತಿನ ಮಟ್ಟಿಗೆ ಇವಳು ನನ್ನ ಸೊಸೆ. ನಾನೇ ಕುಡೀತೀನಿ."

ಚಿನ್ನಯ್ಯ ನನ್ನ ಮುಖ ನೋಡಿದ. ಗೇಟಿನ ಗಾರ್ಡು ಮಲಿಯಪ್ಪ ಕೆಮ್ಮಿದ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಷ್ಟು ಜನರ ಮುಂದೆ ಅತ್ತೆಯನ್ನು ನಂಬುವುದಿಲ್ಲ ಅನ್ನುವುದು ಹೇಗೆ? "ಬೈದುಕೊಂಡಾದ್ರೂ ನೆನೆಸ್ಕೋ ಅತ್ತೆ" ಅಂದೆ. "ಬೈಯೋದೇನು ಹೊಸದಾ" ಅಂದಳು. ಎಡೆಯ ಬುತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಮನೆಯ ಹಿತ್ತಲಿಂದ ಆರಿಸಿ ತಂದ ಕಲ್ಲನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಟೆ. ನೀರು ಸಾಕೆಂದು ಹೇಳಲು ಬೀಸುವ ಬಿಳಿ ಬಟ್ಟೆಯನ್ನೂ ಸಾಲದೆಂದು ಹೇಳುವ ಕೆಂಪು ಬಟ್ಟೆಯನ್ನೂ ಮಲಿಯಪ್ಪ ಕೈಗೆ ಕೊಟ್ಟ. ಹಾಸುಬಂಡೆಯಿಂದ ಬೀಸಿದರೆ ಅರವಟ್ಟಿಗೆಯ ದುರ್ಬೀನಿನಲ್ಲಿ ಕಾಣುತ್ತದೆ.

ಮೊದಲ ಏರು ಸುಖವಾಗಿಯೇ ಆಯಿತು. ಮರಳು ಮುಗಿದು ಕಲ್ಲು ಶುರುವಾಗುವ ಕಡೆ ಪಾಪಾಸುಕಳ್ಳಿ ಎರಡೂ ಬದಿ ನಿಂತು ಸೀರೆ ಹಿಡಿದೆಳೆಯುತ್ತದೆ. ಅಲ್ಲೊಂದು ಉಡ ಬಿಸಿಲು ಕಾಯುತ್ತ ಮಲಗಿತ್ತು, ನನ್ನನ್ನು ನೋಡಿಯೂ ನೋಡದಂತೆ ಕಣ್ಣು ಮುಚ್ಚಿತು. "ವನ್ಯಪ್ರಾಣಿಗಳಿಗೆ ಆಹಾರ ಕೊಡಬೇಡಿ" ಎಂಬ ಬೋರ್ಡಿನ ಮೇಲೆ ಹದ್ದೊಂದು ಕೂತಿತ್ತು. ಆಗಾಗ ಗಂಟಲಿಗೆ ತಣ್ಣನೆಯ ನೀರು ಇಳಿಯುತ್ತಿತ್ತು. ಪಾಪ, ಮುದುಕಿ ಮಾತಿಗೆ ತಪ್ಪಲಿಲ್ಲ ಎಂದುಕೊಂಡೆ. ಅವಳ ಮೇಲೆ ಸಂಶಯಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ನೀರು ಬರುತ್ತಿತ್ತು, ಆದರೆ ಅರ್ಧವೇ ಬರುತ್ತಿತ್ತು. ಗುಟುಕು ಶುರುವಾಗಿ, ನಾಲಿಗೆ ಒದ್ದೆಯಾಗಿ, ಗಂಟಲಿನ ನಡುವೆ ನಿಂತುಬಿಡುತ್ತಿತ್ತು. ನಿಮಗೆ ಬಡಿಸಲು ಬಂದವರು ತಟ್ಟೆಯ ಹತ್ತಿರ ಸೌಟು ತಂದು ಹಿಂದಕ್ಕೆ ತೆಗೆದುಕೊಂಡರೆ ಹೇಗಿರುತ್ತದೆಯೋ ಹಾಗೆ. ನಾನು ನಿಂತೆ. ಮುಂದಿನದಕ್ಕೆ ಕಾದೆ. ಅದೂ ಅರ್ಧ. ತುಟಿ ಬಿರಿಯಿತು, ಬಂಡೆಗಳ ಅಂಚು ಕಣ್ಣಿಗೆ ಎರಡೆರಡಾಗಿ ಕಾಣತೊಡಗಿತು. ಅಯ್ಯೋ ಸೂರಮ್ಮಾ, ಕೊಂದೆಯಲ್ಲೇ ನನ್ನನ್ನು! ಒಮ್ಮೆಗೇ ಕೊಲ್ಲಬಾರದೇ, ಹೀಗೆ ಅರ್ಧರ್ಧ ಕೊಲ್ಲುತ್ತೀಯಲ್ಲ! ಇಳಿಯೋಣವೆಂದರೆ ಹಾಸುಬಂಡೆಗಿಂತ ಗೇಟೇ ದೂರ. ಬಂಡೆ ತಲುಪಿ ಕೆಂಪು ಬಟ್ಟೆ ಬೀಸುವುದೊಂದೇ ಉಳಿದ ದಾರಿ. ಕೊನೆಯ ಏರನ್ನು ಕೈ ಕಾಲು ಎರಡೂ ಊರಿ ಹತ್ತಿದೆ.

ಹಾಸುಬಂಡೆ ನಮ್ಮ ಊರಿನ ಸಂತೆಮಾಳದಷ್ಟು ಅಗಲ. ಹಿಂಬದಿಯಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಒಂದರ ಮೇಲೊಂದು ಬಿದ್ದು ಗವಿಯಂತಾಗಿದೆ. ಬಟ್ಟೆ ಬೀಸುವ ಮೊದಲು ಎಡೆ ಇಡಬೇಕು, ಇಲ್ಲದಿದ್ದರೆ ಅಪಚಾರ. ಸಾಯುವ ಹೊತ್ತಿನಲ್ಲೂ ಪದ್ಧತಿ ಬಿಡದ ಜನ ನಾವು. ಹುಳಿಯನ್ನದ ಬುತ್ತಿ ಬಿಚ್ಚಿ ಗುಂಡುಗಳ ಬುಡದಲ್ಲಿಟ್ಟೆ, ಕೈಮುಗಿದೆ, ಹಿಂದೆ ನೋಡದೆ ತಿರುಗಿ ನಡೆದೆ. ಹತ್ತು ಹೆಜ್ಜೆಗೆ ಕಾಲು ಸೋತು ಅಲ್ಲೇ ಕುಕ್ಕರಿಸಿದೆ.

ಆಗ ಒಂದು ಅರ್ಧ ಗುಟುಕು ಬಂತು. ನಾನು ನುಂಗಿದೆ. ನನ್ನ ಬೆನ್ನ ಹಿಂದೆಯೂ ಯಾರೋ ನುಂಗಿದರು.

ನನ್ನದೇ ಸದ್ದು ಗುಂಡುಕಲ್ಲಿಗೆ ಬಡಿದು ಮರಳಿರಬೇಕು ಅಂದುಕೊಂಡೆ. ಮತ್ತೊಂದು ಬಂತು. ಮತ್ತೆ ಹಿಂದೆ ಅದೇ ಹೊತ್ತಿಗೆ ಗುಟುಕ್ ಎಂದಿತು. ಅದರ ಬೆನ್ನಿಗೇ ಯಾರೋ ಅನ್ನ ಅಗಿಯುವ ಸದ್ದು. ಪದ್ಧತಿ ಹಾಳಾಗಿ ಹೋಗಲಿ ಎಂದು ತಿರುಗಿ ನೋಡಿದೆ.

ಪಾಲಯ್ಯ ಕೂತಿದ್ದ. ನನ್ನ ಗಂಡ. ಗಡ್ಡ ಎದೆಯವರೆಗೆ ಬಂದಿತ್ತು, ಹೊಟ್ಟೆ ಮುಂದಕ್ಕೆ ಬಂದಿತ್ತು. ತೊಡೆಯ ಮೇಲೆ ನನ್ನ ಬುತ್ತಿ ಇಟ್ಟುಕೊಂಡು ಉಂಡೆ ಕಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು ನೋಡುತ್ತಿದ್ದೇನೆ ಎಂದು ತಿಳಿದು ಕೈ ಅರ್ಧಕ್ಕೆ ನಿಂತಿತು. ಕಿರುಚಬೇಕೆಂದರೆ ಕಿರುಚಲು ಬೇಕಾದಷ್ಟು ಪಸೆ ಗಂಟಲಲ್ಲಿ ಇರಲಿಲ್ಲ. ದೆವ್ವ ಎಂದುಕೊಂಡೆ. ಆದರೆ ದೆವ್ವದ ಮೂಗಿನ ತುದಿಯಲ್ಲಿ ಅನ್ನದ ಅಗುಳು ಅಂಟಿರುತ್ತದೆಯೇ?

"ನೀನಾ?" ಅಂದ ಅವನು. "ಬೇರೆ ಯಾರೋ ಅಂದ್ಕೊಂಡೆ. ತಿರುಗಿ ನೋಡಬಾರದು ಅಲ್ವಾ?"

ಇಷ್ಟು ವರ್ಷಗಳ ಮೇಲೆ ಗಂಡ ಹೆಂಡತಿಗೆ ಆಡಿದ ಮೊದಲ ಮಾತು ಇದು.

"ಹೋದ ಅಮಾಸೆ ಚಿತ್ರಾನ್ನಕ್ಕೆ ಉಪ್ಪು ಕಮ್ಮಿ ಆಗಿತ್ತು" ಎಂದ. ಹಾಗಂದವನಿಗೇ ಅದು ತಪ್ಪಾಯಿತು ಅನ್ನಿಸಿರಬೇಕು. "ಆದ್ರೂ ತಿಂದೆ" ಎಂದು ಸೇರಿಸಿದ.

ಆಗ ನನಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಊರಿನ ಹೆಂಗಸರೆಲ್ಲ ಅಳುತ್ತ ಬೇಯಿಸಿದ ಎಡೆಯನ್ನು ಕಾಗೆ ತಿನ್ನಲಿಲ್ಲ, ಪಿತೃಗಳು ತಿನ್ನಲಿಲ್ಲ, ಇವನು ತಿಂದ. ಯಾರೂ ತಿರುಗಿ ನೋಡಲಿಲ್ಲ, ಆದ್ದರಿಂದ ಯಾರಿಗೂ ಕಾಣಲಿಲ್ಲ. ನನ್ನ ಗಂಟಲಿಗೆ ಬರುತ್ತಿದ್ದ ನೀರು ಯಾಕೆ ಅರ್ಧವಾಯಿತು ಎನ್ನುವುದೂ ತಿಳಿಯಿತು. ಮುದುಕಿ ಕೆಳಗೆ ಕೂತು ನನ್ನನ್ನು ನೆನೆಯುತ್ತಿದ್ದಳು. ಹೊತ್ತೇರಿದಂತೆ ಅಭ್ಯಾಸಬಲದಿಂದ ಮಗನನ್ನೂ ನೆನೆಯತೊಡಗಿದ್ದಳು. ಒಂದೇ ಗುಟುಕು ಇಬ್ಬರಿಗೆ ಹಂಚಿಹೋಗುತ್ತಿತ್ತು.

"ಯಾಕೆ ಇಳೀಲಿಲ್ಲ?" ಎಂದೆ.

ಪಾಲಯ್ಯ ಬೆರಳು ನೆಕ್ಕಿಕೊಂಡ. ಅವನು ಯಾವತ್ತೂ ಕೆಟ್ಟವನಲ್ಲ, ಅದೇ ತೊಂದರೆ. ಹೊಡೆದವನಲ್ಲ, ಬೈದವನಲ್ಲ. ಕೂತಲ್ಲಿ ಕೂರುವವನು. ಅಡಕೆ ಹೋಳು ಬಾಯಿಗೆ ಹಾಕಿಕೊಂಡರೆ ಅದು ಕರಗುವ ತನಕ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ.

"ಆವತ್ತು ಈ ನೆರಳಲ್ಲಿ ಕೂತೆ" ಎಂದ. "ತಂಪಾಗಿತ್ತು. ಇಳಿಯೋಣ ಅಂದ್ಕೊಂಡೆ. ಗಂಟಲಿಗೆ ನೀರು ಬಂತು. ಇನ್ನೊಂದು ಚೂರು ಕೂತಿದ್ದು ಹೋಗೋಣ ಅಂದ್ಕೊಂಡೆ. ಬೆಳಗಾಯ್ತು, ಮತ್ತೆ ನೀರು ಬಂತು. ಅವ್ವ ನಿಲ್ಲಿಸಿದ್ರೆ ಇಳೀತಿದ್ದೆ ಕಣೇ. ಬಾಯಾರಿಕೆ ಆಗಿದ್ರೆ ಯಾವನು ಕೂರ್ತಾನೆ? ಅವಳು ನಿಲ್ಲಿಸ್ಲೇ ಇಲ್ಲ."

ಅಂದರೆ ತಪ್ಪು ಅವಳದು! ನನಗೆ ಮೈಯೆಲ್ಲ ಹೊತ್ತಿಕೊಂಡಿತು. ಮುದುಕಿಯ ಊದಿದ ಗಂಟಲು, ಮುದ್ದೆಯ ಪ್ರತಿ ತುತ್ತಿಗೂ ಅವಳು ಕಣ್ಣು ಮುಚ್ಚಿ ಕತ್ತು ಎತ್ತುವುದು, ಎಲ್ಲ ಕಣ್ಣ ಮುಂದೆ ಬಂತು. "ನಾಚಿಕೆ ಮಾನ ಮರ್ಯಾದೆ ಏನಾದ್ರೂ ಇದೆಯಾ ನಿಂಗೆ? ಅವಳ ಗಂಟಲು ಹೋಗಿದೆ! ಗಂಜಿ ಕುಡಿದು ಬದುಕಿದಾಳೆ! ನೀನಿಲ್ಲಿ ಕೂತು ಉಪ್ಪು ಕಮ್ಮಿ ಅಂತೀಯಾ?"

ಅವನು ತಲೆ ತಗ್ಗಿಸಿದ. ಆಮೇಲೆ ನನ್ನ ಸೆರಗಿನ ಗಂಟು ನೋಡಿದ. "ಕಲ್ಲು ತಂದಿದೀಯಾ?"

"ತಂದಿದೀನಿ."

"ಯಾರು?"

"ಪಂಪುಮನೆ ಚಿನ್ನಯ್ಯ."

"ಒಳ್ಳೆ ಮನುಷ್ಯ" ಎಂದ ಪಾಲಯ್ಯ. ದೇವರಾಣೆಗೂ ಹಾಗೇ ಅಂದ. "ಹಂಗಾದ್ರೆ ಒಂದು ಕೆಲಸ ಮಾಡು. ನೀನು ಕಲ್ಲಿಡು. ನಾನು ಸತ್ತೆ ಅಂತಲೇ ಇರ್ಲಿ. ನೀನು ಸುಖವಾಗಿರು, ನಾನೂ ಇಲ್ಲೇ ಇರ್ತೀನಿ. ಯಾರಿಗೂ ಹೇಳಬೇಡ. ಎಡೆ ಮಾತ್ರ ಬೇರೆಯವರ ಹೆಸರಲ್ಲಿ ಕಳಿಸ್ತಿರು. ಅವ್ವ ಹೆಂಗೂ ಕುಡೀತಿರ್ತಾಳೆ."

ಸುಳ್ಳು ಹೇಳಲಾರೆ, ಒಂದು ಗಳಿಗೆ ನನಗೆ ಆಸೆಯಾಯಿತು. ಕಲ್ಲಿಟ್ಟು, ಹೆಸರು ಕೂಗಿ, ಬಾಯಿ ಮುಚ್ಚಿಕೊಂಡು ಇಳಿದರೆ ಆಯಿತು. ಸತ್ಯ ಹೇಳಿದರೆ ಗಂಡ ಬದುಕಿರುವ ಹೆಂಗಸಾಗುತ್ತೇನೆ. ಚಿನ್ನಯ್ಯ ಮತ್ತೆ ಪಂಪುಮನೆಗೆ, ನಾನು ಮತ್ತೆ ಈ ಹೊಟ್ಟೆಗೆ ಮುದ್ದೆ ತಿರುವುವುದಕ್ಕೆ. ಆದರೆ ಬಾಯಿ ಮುಚ್ಚಿಕೊಂಡರೆ ಸೂರಮ್ಮ ಸಾಯುವ ತನಕ ಆ ಹೊಸಿಲ ಮೇಲೆ ಕೂತು ನುಂಗುತ್ತಲೇ ಇರಬೇಕು, ನಾನು ಅದನ್ನು ನೋಡುತ್ತಲೇ ಇರಬೇಕು. ಅಷ್ಟರಲ್ಲಿ ಇನ್ನೊಂದು ಅರ್ಧ ಗುಟುಕು ಬಂತು. ಇಬ್ಬರೂ ಒಟ್ಟಿಗೆ ನುಂಗಿದೆವು. ಮದುವೆಯಾಗಿದ್ದಷ್ಟು ದಿನ ನಾವಿಬ್ಬರೂ ಒಟ್ಟಿಗೆ ಏನನ್ನೂ ಮಾಡಿದವರಲ್ಲ.

ತೀರ್ಮಾನ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಮೊದಲು ಪ್ರಾಣ ಉಳಿಯಲಿ ಎಂದು ಬಂಡೆಯ ಅಂಚಿಗೆ ಹೋಗಿ ಕೆಂಪು ಬಟ್ಟೆ ಬೀಸಿದೆ. ಕೆಳಗೆ ಅರವಟ್ಟಿಗೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. "ಅದನ್ನ ಬೀಸಬೇಡ್ವೇ, ಅವ್ವ ಗಾಬರಿಯಾಗ್ತಾಳೆ" ಎನ್ನುತ್ತ ಪಾಲಯ್ಯ ಎದ್ದು ನನ್ನ ಹಿಂದೆ ಬಂದು ಕೈ ಹಿಡಿದ. ಅಷ್ಟು ವರ್ಷಗಳಲ್ಲಿ ಅವನು ಬಂಡೆಯ ಅಂಚಿಗೆ ಬಂದದ್ದು ಅದೇ ಮೊದಲಂತೆ. ನಾನು ಕೈ ಕೊಡವಿ ಇನ್ನೂ ಜೋರಾಗಿ ಬೀಸಿದೆ.

ಸ್ವಲ್ಪ ಹೊತ್ತು ನೀರೇ ಬರಲಿಲ್ಲ. ಇಬ್ಬರಿಗೂ ಬರಲಿಲ್ಲ. ಆಮೇಲೆ ಬಂತು ನೋಡಿ! ಪೂರ್ತಿ ಗುಟುಕು, ತಣ್ಣಗೆ, ಗಂಟಲು ದಾಟಿ ಎದೆಯವರೆಗೆ ಇಳಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾನು ಕಣ್ಣು ಮುಚ್ಚಿ ನುಂಗುತ್ತಲೇ ಹೋದೆ. ಕಣ್ಣು ಬಿಟ್ಟಾಗ ಪಾಲಯ್ಯ ನನ್ನ ಗಂಟಲನ್ನೇ ನೋಡುತ್ತಿದ್ದ. ಅವನ ಗಂಟಲು ಅಲ್ಲಾಡುತ್ತಿರಲಿಲ್ಲ.

"ನಂಗೆ ಬರ್ತಿಲ್ಲ" ಎಂದ.

ನಾನು ಮತ್ತೆ ನುಂಗಿದೆ. ಅವನು ಕತ್ತು ಸವರಿಕೊಂಡ.

"ಬರ್ತಿಲ್ಲ ಕಣೇ. ಅವ್ವ ನನ್ನ ಬಿಟ್ಟುಬಿಟ್ಲು." ಅವನ ಮುಖದಲ್ಲಿ ಅಂಥ ದಿಗಿಲನ್ನು ನಾನು ಎಂದೂ ಕಂಡಿರಲಿಲ್ಲ. ತಾಯಿ ಸತ್ತಳೆಂದು ಹೇಳಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲವೇನೋ. ನಾನೂ ಬೆಚ್ಚಿದೆ. ಸೂರಮ್ಮ ಮಗನನ್ನು ನೆನೆಯದೆ ಒಂದು ಗುಟುಕು ಕುಡಿಯಬಲ್ಲಳು ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

"ನಡಿ, ಇಳಿ" ಎಂದೆ. ಅವನು ಹೊರಟ. ಕೂತು ಕೂತು ಕಾಲು ಬಾಳೆದಿಂಡಿನಂತಾಗಿತ್ತು. ಮೊದಲ ತಿರುವು ದಾಟುವುದರೊಳಗೆ ಬಿರಿದ ಬಂಡೆಯೊಂದಕ್ಕೆ ಒರಗಿ ಕೂತ. ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟಿ ಟಪ್ಪೆನ್ನುತ್ತಿತ್ತು. ಕೆಳಗೆ ಕುಡಿಯುವವರಿಲ್ಲದೆ ಬೆಟ್ಟದಲ್ಲಿ ಸಂಜೆ ಕಂಡವರಿಲ್ಲ. "ನನ್ನ ಕೈಲಾಗಲ್ಲ. ನೀನು ಓಡು. ಹೋಗಿ ಕುಡಿ. ನನ್ನ ನೆನೆಸ್ಕೊಂಡು ಕುಡಿ" ಎಂದು ಕೈಮುಗಿದ.

ಹೊರಡಲು ತಿರುಗಿದವಳಿಗೆ ಸೆರಗಿನ ಭಾರ ಗೊತ್ತಾಯಿತು. ಗಂಟು ಬಿಚ್ಚಿ ಕಲ್ಲು ತೆಗೆದೆ. ಬಗ್ಗಿ ಅವನ ತೊಡೆಯ ಮೇಲಿಟ್ಟೆ. ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು ಎಂದು ಅಲ್ಲಿಯವರೆಗೆ ಒಮ್ಮೆಯೂ ಬಾಯಲ್ಲಿ ತಾರದ ಹೆಸರನ್ನು ಎದೆ ಬಿರಿಯುವಷ್ಟು ಗಟ್ಟಿಯಾಗಿ ಕೂಗಿದೆ. "ಪಾಲಯ್ಯಾ!" "ಓ" ಎಂದ ಅವನು, ಕರೆದೆ ಅಂದುಕೊಂಡು. ನಾನು ಓಡಿದೆ.

ಹೇಗೆ ಇಳಿದೆನೋ ನನಗೇ ತಿಳಿಯದು. ದಾರಿಯುದ್ದಕ್ಕೂ ನನ್ನ ಗಂಟಲಿಗೆ ಮಾತ್ರ ನೀರು ಬರುತ್ತಲೇ ಇತ್ತು. ಒಂದೊಂದು ಗುಟುಕಿಗೂ ಅದು ಇನ್ನೊಬ್ಬನದು ಎಂದು ಸಂಕಟವಾಗುತ್ತಿತ್ತು. ಕಳ್ಳಿಮುಳ್ಳಿಗೆ ಸೀರೆಯ ಅಂಚು ಹರಿದುಹೋಯಿತು. ಗೇಟಿನ ಹತ್ತಿರ ಊರೇ ಸೇರಿತ್ತು. ಮಲಿಯಪ್ಪ ದುರ್ಬೀನಿನ ಪಕ್ಕ ಕಲ್ಲಾಗಿ ನಿಂತಿದ್ದ. ಸೂರಮ್ಮ ಅರವಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದಳು, ಚೊಂಬು ಮಡಿಲಲ್ಲಿತ್ತು, ಕುಪ್ಪಸವೆಲ್ಲ ಒದ್ದೆಯಾಗಿತ್ತು.

"ನೋಡಿದೆಯಾ?" ಎಂದೆ.

"ನೋಡಿದೆ" ಎಂದಳು. ದನಿ ಗಾಳಿಯಂತೆ ಹೊರಬಂತು. "ಕೆಂಪು ಬಟ್ಟೆ ಅಂದ ಮಲಿಯಪ್ಪ. ನಾನೇ ಎದ್ದು ಕಣ್ಣಿಟ್ಟು ನೋಡಿದೆ. ನೀನು ತೂರಾಡ್ತಿದ್ದೆ. ಅವನು ಕೈ ಹಿಡಿದು ನಿಲ್ಲಿಸ್ತಿದ್ದ. ಹೊಟ್ಟೆ ಬಂದಿದೆ ಅವನಿಗೆ." ಅವಳ ಕಣ್ಣಿನಿಂದ ಬಳಬಳ ನೀರು ಸುರಿಯಿತು. "ಬದುಕಿರ್ಲಿ ಅಂತ ಕುಡಿದೆ ಕಣೇ, ಕೂತಿರ್ಲಿ ಅಂತಲ್ಲ. ಇಬ್ಬರಿಗೂ ಆಗೋ ಗಂಟಲು ನಂದಲ್ಲ. ನಿನ್ನ ನೆನೆದೆ."

ನಾನು ಅವಳ ಪಾದದ ಹತ್ತಿರ ಕುಸಿದು ಕೂತು ಹೋ ಎಂದು ಅತ್ತೆ.

ಮಲಿಯಪ್ಪ ಮೆಲ್ಲಗೆ ಬಾಯಿ ಬಿಟ್ಟ. "ಅಲ್ಲ, ಇವಳು ಕಲ್ಲನ್ನ ಅವನ ತೊಡೆ ಮೇಲಿಟ್ಟಿದ್ದು ನಾನು ಕಂಡೆ. ಕಲ್ಲು ಬಂಡೆ ಮೇಲಿಡಬೇಕು. ಮನುಷ್ಯನ ಮೇಲಿಟ್ರೆ ಲೆಕ್ಕಕ್ಕೆ ಬರುತ್ತಾ?" ಜನ ಗುಸುಗುಸು ಎಂದರು. ಚಿನ್ನಯ್ಯ ನೆಲ ನೋಡುತ್ತಿದ್ದ.

ಸೂರಮ್ಮ ಕೋಲೂರಿ ಎದ್ದಳು. "ಇಷ್ಟು ವರ್ಷ ಅಲ್ಲಾಡದೆ ಕೂತಿದ್ದು ಬಂಡೆ ಅಲ್ಲದೆ ಇನ್ನೇನೋ ಮಲಿಯಪ್ಪಾ? ಹೆತ್ತವಳು ಹೇಳ್ತಿದೀನಿ. ಅವಳ ಕಲ್ಲು ಸರಿಯಾಗೇ ಬಿದ್ದಿದೆ."

ಮಲಿಯಪ್ಪ ಹೌದೆಂದು ತಲೆಯಾಡಿಸಿದ. ನಾನು ಕಣ್ಣೊರೆಸಿಕೊಂಡು ಅತ್ತೆಯ ಮಡಿಲಿನಿಂದ ಜಾರಿದ್ದ ಚೊಂಬನ್ನು ಎತ್ತಿ ಕೊಡದಲ್ಲಿ ಅದ್ದಿದೆ. ಸೂರ್ಯ ಬೆಟ್ಟದ ಹೆಗಲಿಗೆ ಇಳಿದಿದ್ದ. ಪಾಲಯ್ಯನನ್ನು ನೆನೆದೆ, ಬೈದುಕೊಂಡೇ ನೆನೆದೆ. ಸೋಮಾರಿ, ಮೈಗಳ್ಳ, ಎಡೆ ತಿಂದವನೇ, ಏಳೋ, ಇಳಿಯೋ ಎನ್ನುತ್ತ ಒಂದು ಚೊಂಬು ಕುಡಿದೆ. ಮಲಿಯಪ್ಪ ದುರ್ಬೀನಿಗೆ ಕಣ್ಣಿಟ್ಟು, "ಎದ್ದ. ಎದ್ದು ನಿಂತ!" ಎಂದು ಕೂಗಿದ. ಎರಡನೆಯ ಚೊಂಬನ್ನು ಅರ್ಧ ಕುಡಿದಿದ್ದೆ, ಅತ್ತೆಯ ಕೈ ಬಂದು ಚೊಂಬಿನ ಬಾಯಿಯನ್ನು ಮುಚ್ಚಿತು.

"ಸಾಕು ಕಣವ್ವಾ" ಎಂದಳು. "ಇಳಿದು ಬರೋಕೆ ಅಷ್ಟು ಸಾಕು. ಇನ್ನೂ ಕುಡಿದ್ರೆ ಮತ್ತೆ ಕೂತ್ಕೋತಾನೆ."